ಬಳೆಗಾರ್ತಿಯ ಬರಿ ಮಣಿಕಟ್ಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಲ ಮಣಿಕಟ್ಟಿನ ಮೇಲಿನ ಗಂಟು ಪೂರ್ತಿ ಹೋಗಿಲ್ಲ. ಹೆಬ್ಬೆರಳಿನ ಬುಡದಿಂದ ಶುರುವಾಗಿ ಮಣಿಕಟ್ಟಿಗೆ ಅಡ್ಡಲಾಗಿ ಎರಡು ಬೆರಳಗಲ ಮಲಗಿದೆ. ಈಗ ತಗ್ಗಿದೆ, ತುರಿಸುವುದಿಲ್ಲ, ಬಣ್ಣವೂ ಮೈಬಣ್ಣಕ್ಕೆ ಹತ್ತಿರ ಬಂದಿದೆ. ಪೂರ್ತಿ ಗುಣವಾದ ಮೇಲೆ ಬರೆಯೋಣ ಎಂದು ಕಾಯುತ್ತ ಕೂತಿದ್ದರೆ ಈ ಜನ್ಮದಲ್ಲಿ ಬರೆಯುತ್ತಿರಲಿಲ್ಲ, ಅದಕ್ಕೇ ಇದ್ದ ಹಾಗೆಯೇ ಬರೆಯುತ್ತಿದ್ದೇನೆ. ಇಂಥದ್ದೇ ಗಂಟನ್ನು ಸೆರಗಿನೊಳಗೆ, ಅಂಗಿಯ ಗುಂಡಿಯೊಳಗೆ, ತಲೆಗೂದಲಿನ ಕೆಳಗೆ ಮುಚ್ಚಿಟ್ಟುಕೊಂಡವರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಡಾಕ್ಟರ ಬಾಗಿಲಲ್ಲಿ ಕಾದು ಕೂತಾಗಲೇ ನನಗೆ ಗೊತ್ತಾದದ್ದು. ಅವರು ಓದಲಿ. ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ.

ನನ್ನ ಹೆಸರು ರಜಿಯಾ. ಶಹಾಪುರದಲ್ಲಿ ನಮ್ಮದು ಬಳೆ ಅಂಗಡಿ. ಮನೆಯಲ್ಲಿ ಆಡುವುದು ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ಹತ್ತನೆಯವರೆಗೆ ಓದಿದ್ದೂ ಕನ್ನಡ ಶಾಲೆಯಲ್ಲೇ. ಬಳೆ ಮಾರುವುದು ಬೇರೆ, ಬಳೆ ಹಾಕುವುದು ಬೇರೆ. ಮಾರುವುದಕ್ಕೆ ಯಾರಾದರೂ ಆದೀತು. ಹಾಕುವವಳು ಎದುರಿನವಳ ಕೈ ಹಿಡಿದು, ಹೆಬ್ಬೆರಳ ಬುಡದ ಎಲುಬನ್ನು ಒಳಗೆ ಒತ್ತಿ, ಗಾಜು ಒಡೆಯದಂತೆ, ಅವಳಿಗೆ ನೋಯದಂತೆ ಏರಿಸಬೇಕು. ನನ್ನ ಗಂಡ ಖಾಜಾಸಾಹೇಬ ಮಾಲು ತರುವುದರಲ್ಲಿ ಹುಷಾರು, ಆದರೆ ಹಾಕಲು ಕೂತರೆ ಡಜನ್ನಿಗೆ ಎರಡು ಒಡೆಯುತ್ತಾನೆ. ಗಾದಿಯ ಮೇಲೆ ಕೂತು ಹಾಕುವವಳು ನಾನೇ. ಅದು ನನ್ನ ಜಾಗ. ಈ ಗಂಟು ನನ್ನಿಂದ ಕಿತ್ತುಕೊಳ್ಳಲು ನೋಡಿದ್ದು ಆ ಜಾಗವನ್ನು.

ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆಯ ಹೆಂಗಸರ ಕೈಗಳೇ ಬದಲಾದವು. ಜೋಳದ ಹೊಲದಲ್ಲಿ ದುಡಿದ ಕೈ ಒಣಗಿ ಗಟ್ಟಿಯಾಗಿರುತ್ತದೆ. ಭತ್ತದ ನಾಟಿ ಮಾಡಿದ ಕೈ ದಿನವಿಡೀ ಕೆಸರಲ್ಲಿ ನೆನೆದು ಊದಿರುತ್ತದೆ. ನಾರಾಯಣಪುರದಿಂದ ನೀರು ಬಿಡುವ ಮೊದಲು ಸಲೀಸಾಗಿ ಏರಿದ ಅಳತೆ, ನಾಟಿ ಮುಗಿದ ವಾರ ಏರುವುದಿಲ್ಲ. ಆದರೆ ನಾಟಿ ಮುಗಿದ ವಾರವೇ ಅಂಗಡಿಗೆ ಜಾತ್ರೆ, ಕೈಯಲ್ಲಿ ಕೂಲಿ ಬಂದಿರುತ್ತದಲ್ಲ. ಅಂಥ ಒಂದು ದಿನ ಒಬ್ಬ ಹೆಂಗಸು, "ನನ್ನ ಅಳತಿ ನನಗ ಗೊತ್ತಿಲ್ಲೇನು, ಎರಡು-ನಾಲ್ಕೇ ಹಾಕು" ಎಂದು ಹಟ ಹಿಡಿದಳು. ನಾನೂ ಅವಸರದಲ್ಲಿದ್ದೆ. ಬಳೆ ಒಡೆಯಿತು. ಅವಳಿಗೆ ಏನೂ ಆಗಲಿಲ್ಲ, ಚೂರು ನನ್ನ ಮಣಿಕಟ್ಟಿಗೆ ಹೊಕ್ಕಿತು. ಚಿಂದಿ ಸುತ್ತಿಕೊಂಡು ಸಂಜೆಯವರೆಗೂ ಬಳೆ ಹಾಕಿದೆ.

ಗಾಯ ಎರಡು ವಾರದಲ್ಲಿ ಮಾಯ್ದಿತು. ನಮ್ಮ ಕಸುಬಿನಲ್ಲಿ ಇಂಥ ಗಾಯ ದಿನಾ ಆಗುತ್ತವೆ, ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಮೂರನೆಯ ತಿಂಗಳಿಗೆ ಮಾಯ್ದ ಗೆರೆ ಎದ್ದು ನಿಂತಿತು. ಕೆಂಪಗೆ, ನುಣ್ಣಗೆ, ಮಿರಮಿರ ಹೊಳೆಯುತ್ತಿತ್ತು. ತುರಿಕೆ ಎಂದರೆ ತುರಿಕೆ, ತುರಿಸಿದರೆ ಉರಿ. ಆರನೆಯ ತಿಂಗಳಿಗೆ ಗಾಯ ಇದ್ದ ಜಾಗವನ್ನೂ ದಾಟಿ ಆಚೀಚೆ ಕಾಲು ಚಾಚಿತ್ತು.

ಅತ್ತೆ ನಜರಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪಕ್ಕದ ಮನೆಯವಳು ಸುಣ್ಣ ಹಚ್ಚು ಎಂದಳು. ಹಚ್ಚಿದೆ, ಸುತ್ತಲಿನ ಒಳ್ಳೆಯ ಚರ್ಮವೂ ಸುಟ್ಟಿತು. ಅಂಗಡಿಗೆ ಬಂದ ಒಬ್ಬಳು ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಜೊತೆಯವಳ ಕಿವಿಯಲ್ಲಿ, "ದೊಡ್ಡ ರೋಗ ಇರಬೇಕು ನೋಡು" ಎಂದಳು. ದೊಡ್ಡ ರೋಗ ಅಂದರೆ ನಮ್ಮ ಕಡೆ ಕುಷ್ಠ. ನನಗೆ ಕೇಳಲಿ ಎಂದೇ ಹೇಳಿದ ಪಿಸುಮಾತು ಅದು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ಇದ್ರ ನಿನಗೂ ಒಂದೀಟು ಕೊಡತೀನಿ, ತಡಿ" ಎಂದೆ. ಅವಳು ಹೋದ ಮೇಲೆ ಒಳಗೆ ಹೋಗಿ ಕಣ್ಣೀರು ಹಾಕಿದೆ.

ಯಾದಗಿರಿಯಲ್ಲಿ ಚರ್ಮದ ಡಾಕ್ಟರ್ ಬಾಯಿ, ಅಂದರೆ ಲೇಡಿ ಡಾಕ್ಟರು, ಮಂಗಳವಾರ ಮಂಗಳವಾರ ಬರುತ್ತಾರೆಂದು ಯಾರೋ ಹೇಳಿದರು. ಹೋದೆವು. ಕಾಯುವ ಕೋಣೆಯಲ್ಲಿ ಎರಡು ಬೆಂಚು, ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುವ ಒಂದು ಫ್ಯಾನು. ಚರ್ಮದ ಡಾಕ್ಟರ ಬಳಿ ಕಾಯುವವರು ಬೇರೆ ರೋಗಿಗಳಂತಲ್ಲ. ಜ್ವರದವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇಲ್ಲಿನವರು ಮುಚ್ಚಿಕೊಂಡು ಗೋಡೆ ನೋಡುತ್ತಾರೆ. ನಾನೂ ಕೈಯನ್ನು ಓಢಣಿಯೊಳಗೆ ಇಟ್ಟುಕೊಂಡೇ ಕೂತಿದ್ದೆ. ಪಕ್ಕದಲ್ಲಿ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡ ಒಬ್ಬರು ಕೂತಿದ್ದರು, ಕೊಂಕಲ್ ಶಾಲೆಯ ಶರಣಪ್ಪ ಮಾಸ್ತರು. ಅವರೇ ಮಾತಿಗೆಳೆದರು.

"ಮೊದಲನೇ ಸಲ ಏನ್ರಿ? ಗಂಟು?"

ನಾನು ತಲೆಯಾಡಿಸಿದೆ.

"ನಂದು ಎದಿ ಮ್ಯಾಲ. ಹರೇದಾಗ ಒಂದು ಮೊಡವಿ ಎದ್ದಿತ್ತು, ಅಷ್ಟಽ. ಹುಡುಗರು ಹಿಂದ್ಗಡೆ 'ಎದಿಗಂಟು ಮಾಸ್ತರ' ಅಂತಾರ. ಒಂದು ಮಾತು ಹೇಳತೀನಿ ಕೇಳ್ರಿ, ಸೂಜಿ ಚುಚ್ಚಿದಾಗ ನಾಚಬ್ಯಾಡ್ರಿ, ಒದರಿಬಿಡ್ರಿ. ನಾ ಸುಮ್ಮ ಕುಂತು ಎರಡನೇ ಸೂಜಿಗೆ ಟೇಬಲ್ ಮ್ಯಾಲಿನ ಬಟ್ಟಿ ಹರದೀನಿ."

ಆ ಕೋಣೆಯಲ್ಲಿ ನಾನು ಮೊದಲ ಸಲ ನಕ್ಕಿದ್ದು ಆಗ.

ಡಾಕ್ಟರ್ ಬಾಯಿ ಕೈ ಹಿಡಿದು ನೋಡಿದರು. ಹಿಡಿದರು ಎಂಬುದೇ ನನಗೆ ದೊಡ್ಡದು, ಏಕೆಂದರೆ ಆರು ತಿಂಗಳಿಂದ ಎಲ್ಲರೂ ದೂರದಿಂದಲೇ ನೋಡುತ್ತಿದ್ದರು. "ಇದು ಕೆಲಾಯ್ಡ್" ಅಂದರು. "ಗಾಯ ಮಾಯ್ದ ಮ್ಯಾಲ ಚರ್ಮ ನಿಲ್ಲಬೇಕು. ನಿಂದು ನಿಲ್ಲವಲ್ದು, ಬೆಳಕೋತ ಹೊಂಟದ. ಯಾರಿಗೂ ಹತ್ತಂಗಿಲ್ಲ, ಜೀವಕ್ಕೇನೂ ಆಗಂಗಿಲ್ಲ. ಆದ್ರ ಭಾಳ ಹಟಮಾರಿ."

"ಕತ್ತರಿಸಿ ತಗದಬಿಡ್ರಿ ಬಾಯಾರ" ಎಂದೆ.

"ಬರೇ ಕತ್ತರಿಸಿದ್ರ ದುಪ್ಪಟ್ಟಾಗಿ ಬರತದ. ತಿಂಗಳಿಗೊಂದು ಸೂಜಿ. ಮತ್ತ ಅದರ ಮ್ಯಾಲ ಸದಾ ಒತ್ತಡ ಇರಬೇಕು, ಈ ಪಟ್ಟಿ ಬಿಗಿಯಾಗಿ ಕಟ್ಟಕೋ. ಬಿಡಬ್ಯಾಡ."

ಸೂಜಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಎರಡು ಮಕ್ಕಳನ್ನು ಹೆತ್ತವಳು ನಾನು, ನನಗೂ ಆ ನೋವು ತಡೆಯಲಾಗಲಿಲ್ಲ. ಗಟ್ಟಿಯಾದ ಆ ಗಂಟಿನೊಳಗೆ ಔಷಧ ಹೋಗುವುದೇ ಇಲ್ಲ, ತುರುಕಬೇಕು. ಡಾಕ್ಟರ್ ಬಾಯಿ ತಮ್ಮ ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತುತ್ತಿದ್ದರು. ನಾನು ಒದರಿದೆ. ಹೊರಗೆ ಮಾಸ್ತರು, "ಶಾಬಾಸ್!" ಎಂದದ್ದು ಕೇಳಿಸಿತು. ಬಸ್ಸು ಹತ್ತಿ ಭೀಮಾ ಹೊಳೆ ದಾಟುವವರೆಗೂ ಕೈ ಜುಮುಗುಟ್ಟುತ್ತಿತ್ತು. ಆದರೆ ಕುಷ್ಠ ಅಲ್ಲ, ಯಾರಿಗೂ ಹತ್ತುವುದಿಲ್ಲ, ಅಷ್ಟು ಸಾಕಿತ್ತು. ಖಾಜಾ ಬಸ್‌ಸ್ಟ್ಯಾಂಡಿನಲ್ಲಿ ಕೊಡಿಸಿದ ಮಿರ್ಚಿ ಭಜಿಯನ್ನು ಎಡಗೈಯಲ್ಲಿ ಹಿಡಿದು ಖುಷಿಯಿಂದ ತಿಂದೆ.

ಇನ್ನು ನನ್ನ ಶಾಣೇತನದ ಕಥೆ. ಹೇಳಲು ನಾಚಿಕೆ, ಹೇಳದಿದ್ದರೆ ಮೋಸ.

ಅವರು ಕೊಟ್ಟ ಪಟ್ಟಿ ಬೆವರಿಗೆ, ತೊಳೆಯುವುದಕ್ಕೆ ಎರಡೇ ವಾರದಲ್ಲಿ ಸಡಿಲವಾಯಿತು. ಒತ್ತಡ ಇರಬೇಕು ಅಂದಿದ್ದಾರೆ. ಯೋಚಿಸಿದೆ. ಊರಿನ ಅಷ್ಟೂ ಹೆಂಗಸರ ಮಣಿಕಟ್ಟಿನ ಬಿಗಿ ಗೊತ್ತಿರುವ ನನಗೆ ಯಾದಗಿರಿಯ ಪಟ್ಟಿ ಯಾಕೆ? ನನ್ನ ಅಳತೆ ಎರಡು-ನಾಲ್ಕು. ಒಂದು ಅಳತೆ ಚಿಕ್ಕದು, ಎರಡು-ಎರಡರ ಗಾಜಿನ ಬಳೆ ಒಂದು ಡಜನ್ ತೆಗೆದೆ. ಸಾಬೂನು ಹಚ್ಚಿ, ಹಲ್ಲು ಕಚ್ಚಿ, ಒಂದೊಂದಾಗಿ ಏರಿಸಿ ಗಂಟಿನ ಮೇಲೆ ಸಾಲಾಗಿ ಕೂರಿಸಿದೆ. ಗಂಟು ಒತ್ತಿ ಬೆಳ್ಳಗಾಯಿತು. ತುರಿಕೆ ನಿಂತಿತು. ನಾಲ್ಕು ದಿನ ಎಷ್ಟು ಬೀಗಿದೆ! ಡಾಕ್ಟರ್ ಬಾಯಿಗೇ ಹೋಗಿ ಹೇಳಿಕೊಡಬೇಕು ಎಂದುಕೊಂಡಿದ್ದೆ. ಗಂಡನಿಗೂ ತೋರಿಸಿ, "ನೋಡು, ಔಷಧ ನಮ್ಮ ಅಂಗಡ್ಯಾಗಽ ಇತ್ತು" ಎಂದೆ.

ಐದನೆಯ ದಿನ ಅಂಗಡಿಯ ಶಟರ್ ಎತ್ತುವಾಗ ನಾಲ್ಕು ಬಳೆ ಒಟ್ಟಿಗೆ ಸಿಡಿದು ಗಂಟಿನೊಳಗೇ ಹೊಕ್ಕವು. ಉಳಿದವು ಊತಕ್ಕೆ ಹೊರಬರಲೊಲ್ಲವು. ಖಾಜಾ ಇಕ್ಕಳದಿಂದ ಒಂದೊಂದನ್ನೇ ಒಡೆದು ತೆಗೆದ. ನನಗಿಂತ ಹೆಚ್ಚು ಅವನೇ ಬೆವೆತಿದ್ದ.

ಒಂದು ಗಾಯಕ್ಕೇ ಎದ್ದು ನಿಂತಿದ್ದ ಚರ್ಮ, ನಾಲ್ಕು ಗಾಯ ಸಿಕ್ಕರೆ ಬಿಡುತ್ತದೆಯೇ? ತಿಂಗಳೆರಡರಲ್ಲಿ ಗಂಟು ಇಮ್ಮಡಿಯಾಯಿತು. ನಾಚಿಕೆಗೆ ಎರಡು ಮಂಗಳವಾರ ತಪ್ಪಿಸಿದೆ. ಹಾಗೆ ತಪ್ಪಿಸಬೇಡಿ, ದಯವಿಟ್ಟು. ಮೂರನೆಯದಕ್ಕೆ ಹೋದಾಗ ಡಾಕ್ಟರ್ ಬಾಯಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದು ಹೆಂಗಾತು?"

"ಬಾಗಿಲು ಬಡೀತ್ರಿ."

"ಬಾಗಿಲಿಗೆ ಹಿಂಗ ಸಾಲಾಗಿ ಗೆರಿ ಇರ್ತಾವೇನು?"

ಗಂಟಿನ ಮೇಲೆ, ಆಚೀಚೆ, ಬಳೆ ಒತ್ತಿದ ಗುರುತುಗಳು ಗೆರೆ ಎಳೆದ ಹಾಗೆ ಇನ್ನೂ ಕಪ್ಪಗೆ ಕಾಣುತ್ತಿದ್ದವು. ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಅವರು ಮೊದಲು ನಕ್ಕರು, ಆಮೇಲೆ ಬೈದರು. ಬೈದದ್ದೂ ಚೆನ್ನಾಗಿಯೇ ಬೈದರು. ಕೊನೆಗೆ ಹೇಳಿದರು, "ಒಂದು ವರ್ಷ ಈ ಕೈಗೆ ಬಳಿ ಇಲ್ಲ. ಗಾಜಿಂದೂ ಇಲ್ಲ, ಬಂಗಾರದ್ದೂ ಇಲ್ಲ. ತಿಕ್ಕಬಾರ್ದು, ಚುಚ್ಚಬಾರ್ದು. ನಾ ಕೊಟ್ಟ ಪಟ್ಟಿ ಒಂದಽ."

"ಬಾಯಾರ, ನಾ ಬಳಿಗಾರಾಕಿ."

"ಅದಕ್ಕಽ ಒತ್ತಿ ಹೇಳಾಕತ್ತೀನಿ."

ಮನೆಗೆ ಬಂದು ಹೇಳಿದಾಗ ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. ಗಂಟಿಗೆ ಅಳದಿದ್ದವರು ಬರಿಗೈಗೆ ಅತ್ತರು. ಗಂಡ ಜೀವಂತ ಇರುವವಳು, ಅದರಲ್ಲೂ ಬಳೆ ಹಾಕುವವಳು, ಬಲಗೈ ಬರಿದು ಮಾಡಿಕೊಂಡು ಗಾದಿಯ ಮೇಲೆ ಕೂತರೆ ಯಾವ ಮುತ್ತೈದೆ ಕೈ ಕೊಟ್ಟಾಳು? "ನಕ್ಕೋ ಬೇಟಾ, ಬೇಡ, ನೀನು ಒಳಗಿರು. ಖಾಜಾ ಹಾಕಲಿ, ಒಡೆದರೆ ಒಡೆಯಲಿ" ಎಂದರು. ಅತ್ತೆ ಕೆಟ್ಟವರಲ್ಲ. ಮಗನ ಆಯುಷ್ಯದ ಭಯ ಅವರಿಗೆ. ಖಾಜಾ ನಮ್ಮ ಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಅಮ್ಮಾ, ನನ್ನ ಆಯುಷ್ಯ ಬಳ್ಯಾಗ ಐತೇನು? ಹಂಗಿದ್ರ ಅಂಗಡಿ ತುಂಬ ಬಳಿ ಅದಾವಲ್ಲ, ಇನ್ನೂ ನೂರು ವರ್ಷ ಬದುಕ್ತೀನಿ ಬಿಡು." ಹತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಮೇಲೆ ಅಂಥ ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ.

ಅತ್ತೆಯ ಮನಸ್ಸಿಗೆ ಎಂದು ಒಂದು ವಾರ ಉದ್ದ ತೋಳಿನ ಕುಪ್ಪಸ ಹಾಕಿ ಕೂತೆ. ಮುಂಗೈ ಮುಚ್ಚಿದರೆ ಬಳೆ ಹಾಕುವವಳು ಅರ್ಧ ಕುರುಡಿ. ಗಾಜು ತೋಳಿಗೆ ಸಿಕ್ಕಿಕೊಂಡಿತು, ಹಿಡಿತ ತಪ್ಪಿತು, ಆ ವಾರ ನಾನೂ ಖಾಜಾನ ಹಾಗೆ ಬಳೆ ಒಡೆದೆ. ಶುಕ್ರವಾರ ಕತ್ತರಿ ತೆಗೆದುಕೊಂಡು ಆ ತೋಳುಗಳನ್ನು ಮೊಣಕೈವರೆಗೆ ಕತ್ತರಿಸಿ ಹಾಕಿದೆ.

ಬಂದವರು ನೋಡಿದರು. ಕೆಲವರು ಮುಂದಿನ ಅಂಗಡಿಗೆ ನಡೆದರು. ಒಬ್ಬ ಮುದುಕಿ ಬಹಳ ಕರುಣೆಯಿಂದ, "ಗಂಡ ಯಾವಾಗ ತೀರಿಕೊಂಡ್ನವ್ವ?" ಎಂದು ಕೇಳಿದಳು. "ಅಕಾ ಅಲ್ಲಿ ಚಾ ಕುಡ್ಯಾಕತ್ತಾನ, ಹೋಗಿ ಕೇಳಿ ಬಾ" ಎಂದೆ. ಹೀಗೆ ಬಾಯಿ ಮಾಡಿ ಹಗಲು ಕಳೆಯುತ್ತಿದ್ದೆ. ಆದರೆ ಗಿರಾಕಿಗಳು ಕಡಿಮೆಯಾದದ್ದು ನಿಜ. ಮದುವೆ, ಕುಬುಸದ ಮನೆಗಳಿಂದ ಕರೆ ಬರುವುದು ನಿಂತೇಹೋಯಿತು. ತಿಂಗಳಿಗೊಂದು ಸೂಜಿ ಮಾತ್ರ ತಪ್ಪಿಸಲಿಲ್ಲ. ಗಂಟು ಮೆಲ್ಲಗೆ ಮೆತ್ತಗಾಗುತ್ತಿತ್ತು. ಮಾಸ್ತರು ಬೆಂಚಿನ ಮೇಲೆ ತಮ್ಮ ಚೀಲ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. ಒಂದು ಮಂಗಳವಾರ ಅವರ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ನಾನು ನೋಡಿದ್ದನ್ನು ನೋಡಿ, "ಸೆಕಿ ಭಾಳ ಅದರಿ" ಎಂದರು.

ಆ ವರ್ಷವೇ ಶಿರವಾಳದ ಗೌಡರ ಮನೆಯಲ್ಲಿ ಸೊಸೆಯ ಕುಬುಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಕಾರ್ಯ. ಆ ಮನೆಗೆ ನಮ್ಮ ಅತ್ತೆಯ ಕಾಲದಿಂದಲೂ ಬಳೆ ಹಾಕುವವರು ನಾವೇ. ಈ ಸಲ ಸುರಪುರದಿಂದ ಒಬ್ಬ ಬಳೆಗಾರನನ್ನು ಕರೆಸಿದ್ದಾರೆಂದು ಸುದ್ದಿ ಬಂತು. ನುಂಗಿಕೊಂಡೆ. ಕಾರ್ಯದ ದಿನ ಮಧ್ಯಾಹ್ನ ಗೌಡರ ಮನೆಯ ಆಳು ಗಾಡಿ ಏರಿ ಅಂಗಡಿಯ ಮುಂದೆ ಬಂದು ನಿಂತ. "ಸುರಪುರದವ ಮೂರು ಬಳಿ ಒಡೆದಾನ್ರಿ, ಬಸುರಿ ಕೈಮ್ಯಾಲ. ಗೌಡತಿ ನಿಮ್ಮನ್ನ ಕರಕೊಂಡು ಬಾ ಅಂದಾರ."

ಕುಬುಸದಲ್ಲಿ ಬಳೆ ಒಡೆಯುವುದೆಂದರೆ ಆ ಮನೆಯವರಿಗೆ ಎಂಥ ದಿಗಿಲು ಎಂದು ಬೇರೆ ಹೇಳಬೇಕಾಗಿಲ್ಲ. ಅತ್ತೆ ಓಡಿ ಬಂದು ಒಂದು ಹಸಿರು ರೇಷ್ಮೆ ಬಟ್ಟೆ ಕೊಟ್ಟು, "ಕೈಗೆ ಸುತ್ತಿಕೋ" ಎಂದರು. ಬೇಡ ಎಂದೆ. ಪಟ್ಟಿಯನ್ನೂ ಬಿಚ್ಚಿಟ್ಟು, ಬಳೆಯ ಬುಟ್ಟಿ ಹಿಡಿದು ಖಾಜಾನ ಗಾಡಿಯ ಹಿಂದೆ ಕೂತೆ. ಧೈರ್ಯಸ್ಥೆ ಎಂದು ಬರೆದುಕೊಳ್ಳುವುದಿಲ್ಲ, ಹೆದರಿದ್ದೆ.

ಪಡಸಾಲೆಯ ತುಂಬ ಹೆಂಗಸರು. ನಡುವೆ ಮಣೆಯ ಮೇಲೆ ಸೊಸೆ ಸಾವಿತ್ರಿ, ಅತ್ತು ಮುಖ ಊದಿತ್ತು. ಗೌಡತಿ ನನ್ನನ್ನು ಬಾಗಿಲಲ್ಲೇ ಹಿಡಿದು ಬದಿಗೆ ಕರೆದರು.

"ರಜಿಯಾಬಿ, ಸಿಟ್ಟಾಗಬ್ಯಾಡವ್ವ. ಆ ಕೈಗೆ ಒಂದು ಅರಿವಿ ಸುತಗೊಂಡು ಹಾಕು. ಬಸುರಿ ಕಣ್ಣಿಗೆ ಅದು ಬೀಳಬಾರ್ದು."

ಆ ಒಂದು ಅರಿವೆ ಸುತ್ತಿಕೊಂಡರೆ ಸಾಕಿತ್ತು. ಆದರೆ ಇಲ್ಲಿ ಸುತ್ತಿದರೆ ನಾಳೆ ಎಲ್ಲ ಮನೆಯಲ್ಲೂ ಸುತ್ತಬೇಕು, ಅಂಗಡಿಯಲ್ಲೂ ಸುತ್ತಬೇಕು. ಸುತ್ತದಿದ್ದರೆ ಈ ಮನೆ ಹೋಗುತ್ತದೆ, ಗೌಡತಿಯ ಮಾತು ನಡೆಯುವ ಸುತ್ತಲಿನ ಊರೂ ಹೋಗುತ್ತವೆ.

"ಗೌಡತಿ, ಅರಿವಿ ಸುತಗೊಂಡ್ರ ನನ್ನ ಕೈಗೆ ಬಳಿ ತಿಳಿಯಂಗಿಲ್ಲ. ನಾಕನೇದು ಒಡೀತದ. ಬರೇ ಕೈಲೇ ಹಾಕತೀನಿ, ಇಲ್ಲಾಂದ್ರ ಹೊಂಡತೀನಿ" ಎಂದೆ. ಮಾತು ಪಡಸಾಲೆಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಬಂತು.

ಸಾವಿತ್ರಿ ಮಣೆಯ ಮೇಲಿಂದಲೇ, "ಅಕ್ಕಾ, ನೀವಽ ಹಾಕ್ರಿ" ಎಂದು ಕೈ ಚಾಚಿದಳು. ಗೌಡತಿ ದಾರಿ ಬಿಟ್ಟು ಬದಿಗೆ ಸರಿದರು. ಹೋಗಿ ಎದುರು ಕೂತೆ. ಅವಳು ನನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ನೋಯತದೇನ್ರಿ?"

ಎರಡು ವರ್ಷದಲ್ಲಿ ಇದೇನು, ಹತ್ತುತ್ತದೆಯೇ, ಯಾರ ಶಾಪ, ಯಾವಾಗ ಹೋಗುತ್ತದೆ ಎಂದು ಎಲ್ಲರೂ ಕೇಳಿದ್ದರು. ನೋಯುತ್ತದೆಯೇ ಎಂದು ಕೇಳಿದವಳು ಇವಳೊಬ್ಬಳೇ. ಕಣ್ಣು ತುಂಬಿ ಬಂತು. "ಸೂಜಿ ಹಾಕಿದ ದಿನ ನೋಯತದವ್ವ. ಇವತ್ತ ಇಲ್ಲ" ಎಂದೆ.

ಸುರಪುರದವನ ತಪ್ಪು ಕೈ ಹಿಡಿದೊಡನೆ ತಿಳಿಯಿತು. ಮದುವೆಯ ಅಳತೆಯ ಬಳೆ ತಂದಿದ್ದ. ಏಳು ತಿಂಗಳ ಬಸುರಿಯ ಕೈ ನೀರು ತುಂಬಿ ಊದಿತ್ತು. ಎರಡು ಅಳತೆ ದೊಡ್ಡದು ತೆಗೆದೆ. ಎಲುಬನ್ನು ಒತ್ತಿ, ಒಂದೊಂದಾಗಿ, ಎರಡೂ ಕೈ ತುಂಬ ಹಸಿರು ಬಳೆ ಏರಿಸಿದೆ. ಒಂದೂ ಒಡೆಯಲಿಲ್ಲ.

ನಮ್ಮ ಕಡೆ ಬಳೆ ತೊಟ್ಟವಳು ಹಾಕಿದವಳ ಬಲಗೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಸಾವಿತ್ರಿ ಹಿಡಿದು ಒತ್ತಿಕೊಂಡಳು. ಇನ್ನು ಬಂದ ಮುತ್ತೈದೆಯರಿಗೆಲ್ಲ ಹಾಕಬೇಕು. ಯಾರೂ ಏಳಲಿಲ್ಲ, ಎಲ್ಲರೂ ಗೌಡತಿಯ ಮುಖ ನೋಡುತ್ತ ಕೂತರು. ಕೊನೆಗೆ ಅವರೇ ಬಂದು ನನ್ನ ಮುಂದೆ ಕೂತು ಕೈ ಕೊಟ್ಟರು. ಗಟ್ಟಿ ಎಲುಬಿನ ಕೈ, ಮೆಲ್ಲಗೆ ಹಾಕಿದೆ. ಮುಗಿದ ಮೇಲೆ ಅವರು ಬಗ್ಗಿ ನನ್ನ ಎಡಗೈ ಹಿಡಿದರು.

ಎಡಗೈಯನ್ನು ಬಿಡಿಸಿಕೊಂಡೆ. ಬಲಗೈಯನ್ನು ಅವರ ಮುಂದೆ ಹಿಡಿದೆ.

"ಬಳಿ ಹಾಕಿದ್ದು ಈ ಕೈ ರಿ, ಗೌಡತಿ."

ಅವರು ಗಂಟನ್ನು ನೋಡಿದರು. ನಾನು ಕೈ ಹಿಂದೆ ತೆಗೆಯಲಿಲ್ಲ. ಗೌಡತಿ ಎರಡೂ ಕೈಯಲ್ಲಿ ನನ್ನ ಮಣಿಕಟ್ಟನ್ನು ಹಿಡಿದು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಸತ್ತೇಹೋಗಿದೆ ಎಂದುಕೊಂಡಿದ್ದ ಆ ಚರ್ಮಕ್ಕೂ ಅವರ ರೆಪ್ಪೆ ಮಿಸುಕಿದ್ದು ತಿಳಿಯಿತು.

ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹೂಂ, ಮುಂದ ಯಾರು? ಬರ್ರಿ" ಎಂದೆ.